ಹರಿಕೇನ್ ಬರುವ ಮುನ್ನ

‘ಗಾಳಿ ಬಂದಾಗ ತೂರಿಕೋ’ ಎಂಬುದು ನಮ್ಮ ರೈತರ ಗಾದೆ. ಕಣದಲ್ಲಿ ರಾಶಿಯಿಟ್ಟುಕೊಂಡು ಗಾಳಿಗಾಗಿ ಕಾಯುವವನಿಗೆ ಇದು ತಕ್ಕ ಮಾತೇ ಸರಿ. ಆದರೆ ಗಾಳಿ ಬರುವುದಕ್ಕೆ ಮೊದಲೇ ಕೆಲಸವೆಲ್ಲವೂ ಮುಗಿದಿರಬೇಕಾದ ನಾಡುಗಳೂ ಭೂಮಿಯ ಮೇಲಿವೆ. ಕೆರಿಬಿಯನ್ ದ್ವೀಪಗಳು, ಮೆಕ್ಸಿಕೋ ಕೊಲ್ಲಿಯನ್ನು ಸುತ್ತುವರಿದಿರುವ ಅಮೆರಿಕದ ದಕ್ಷಿಣ ರಾಜ್ಯಗಳು ಇಂಥವು. ಪ್ರತಿ ವರ್ಷವೂ ಜೂನ್ ೧ರಿಂದ ನವೆಂಬರ್ ೩೦ರವರೆಗೆ ಅಲ್ಲಿ ‘ಹರಿಕೇನ್ ಋತು’. ಅಟ್ಲಾಂಟಿಕ್ ಸಾಗರದಲ್ಲಿ ಹುಟ್ಟುವ ಚಂಡಮಾರುತಕ್ಕೆ ಅಲ್ಲಿನ ಜನ ಇಟ್ಟಿರುವ ಹೆಸರೇ ಹರಿಕೇನ್.

೨೦೨೪ರ ಸೆಪ್ಟೆಂಬರ್ ತಿಂಗಳ ಕೊನೆಯ ವಾರದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಫ್ಲಾರಿಡಾದಿಂದ ದೂರವಾಣಿಯಲ್ಲಿ ನಮ್ಮೊಡನೆ ಮಾತನಾಡಿದನು. ಟ್ಯಾಂಪಾ ಕೊಲ್ಲಿಯ ಹತ್ತಿರ ಅವನ ಮನೆ. ‘ಹೆಲೀನ್’ ಎಂಬ ಚಂಡಮಾರುತ ಆಗ ಕೊಲ್ಲಿಯಲ್ಲಿ ಬಲಿಯುತ್ತಿದ್ದಿತು. ಆದರೆ ಅದರ ಕೇಂದ್ರವು ಅವನ ಊರಿಗೆ ಬರದೆ, ಪಶ್ಚಿಮದಲ್ಲಿ ಬಹುದೂರ ಸಮುದ್ರದ ಮೇಲೆಯೇ ಹಾದುಹೋಗುವುದೆಂದು ತಜ್ಞರು ಹೇಳಿದ್ದರು. “ಸಾರ್, ಮನೆ ಗಟ್ಟಿಯಾಗಿದೆ. ಗೋಡೆ ಕಾಂಕ್ರೀಟಿನದು, ಮಾಡನ್ನು ಕಬ್ಬಿಣದ ಪಟ್ಟಿಗಳಿಂದ ಬಿಗಿಸಿದ್ದಾರೆ. ಇಲ್ಲಿಗೆ ಬರುವ ಗಾಳಿಯೂ ಅಷ್ಟು ದೊಡ್ಡದಲ್ಲವಂತೆ. ಆದರೂ ಸರ್ಕಾರದವರು ಮನೆ ಬಿಟ್ಟು ಹೊರಡಿರಿ ಎನ್ನುತ್ತಾರೆ. ಹೋಗಲೇಬೇಕೆ?” ಎಂದು ಅವನು ಕೇಳಿದನು. ನಾವು ಒಂದೇ ಒಂದು ಪ್ರಶ್ನೆ ಹಾಕಿದೆವು: “ನಿನ್ನ ಮನೆಯ ನೆಲ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ?” ಅವನಿಗೆ ಅದು ತಿಳಿದಿರಲಿಲ್ಲ.

ಈ ಒಂದು ಪ್ರಶ್ನೆ ಏಕೆ ಅಷ್ಟು ಮುಖ್ಯವೆಂಬುದನ್ನು ಇಲ್ಲಿ ವಿಚಾರಮಾಡೋಣ. ಚಂಡಮಾರುತವೆಂದರೆ ಗಾಳಿ ಎಂದು ಎಲ್ಲರೂ ತಿಳಿಯುತ್ತಾರೆ. ಮನೆಯನ್ನು ಗಾಳಿಗೆದುರಾಗಿಯೇ ಸಿದ್ಧಪಡಿಸುತ್ತಾರೆ. ಆದರೆ ಗಾಳಿ ಮನೆಯನ್ನು ಮುರಿಯುವುದಾದರೆ, ಮನುಷ್ಯರನ್ನು ಹೆಚ್ಚಾಗಿ ಕೊಲ್ಲುವುದು ನೀರು. ಇವೆರಡಕ್ಕೆ ಬೇಕಾದ ಸಿದ್ಧತೆಗಳು ಬೇರೆಬೇರೆ.

ಹರಿಕೇನ್ ಎಂಬ ಉಷ್ಣಯಂತ್ರ

ಸಮುದ್ರದ ಮೇಲ್ಭಾಗದ ಉಷ್ಣತೆ ಸುಮಾರು ೨೬.೫ ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚಾಗಿರುವ ಕಡೆಗಳಲ್ಲಿ ಚಂಡಮಾರುತ ಹುಟ್ಟಿ ಬೆಳೆಯುತ್ತದೆ. ಆ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು ೫೮೦ ಕ್ಯಾಲೊರಿ ಶಾಖವನ್ನು ಹೀರಿಕೊಳ್ಳುತ್ತದೆ. ಆವಿಯು ಮೇಲೇರಿ ತಣಿದು ಮೋಡವಾದಾಗ ಆ ಗುಪ್ತೋಷ್ಣವೆಲ್ಲವೂ ಸುತ್ತಲಿನ ವಾಯುವಿಗೆ ಮರಳಿ ದೊರೆಯುತ್ತದೆ. ಬಿಸಿಯಾದ ವಾಯು ಮತ್ತಷ್ಟು ಮೇಲೇರುತ್ತದೆ, ಕೆಳಗೆ ವಾಯುಭಾರ ಕುಸಿಯುತ್ತದೆ, ಆ ತಾಣವನ್ನು ತುಂಬಲು ಸುತ್ತಲಿನ ಗಾಳಿ ನುಗ್ಗುತ್ತದೆ. ಭೂಮಿಯ ಭ್ರಮಣದಿಂದಾಗಿ ಈ ಗಾಳಿ ನೇರವಾಗಿ ಬಾರದೆ ಸುರುಳಿಯಾಗಿ ಸುತ್ತುತ್ತದೆ. ಉತ್ತರಾರ್ಧಗೋಳದಲ್ಲಿ ಈ ಸುತ್ತು ಅಪ್ರದಕ್ಷಿಣವಾಗಿರುವುದು.

ಸೂರ್ಯನು ಉತ್ತರದ ತುತ್ತತುದಿಯನ್ನು ಮುಟ್ಟುವುದು ಜೂನ್ ತಿಂಗಳಲ್ಲಾದರೂ ಹರಿಕೇನ್ ಋತುವಿನ ಉಚ್ಛ್ರಾಯ ಸೆಪ್ಟೆಂಬರ್ ೧೦ರ ಸುಮಾರಿಗೆ. ನೀರು ನಿಧಾನವಾಗಿ ಕಾಯುವ, ನಿಧಾನವಾಗಿ ಆರುವ ವಸ್ತುವಾದುದರಿಂದ ಬೇಸಗೆಯ ಶಾಖವನ್ನೆಲ್ಲ ಕೂಡಿಹಾಕಿಕೊಳ್ಳಲು ಸಮುದ್ರಕ್ಕೆ ಅಷ್ಟು ಕಾಲ ಬೇಕಾಗುತ್ತದೆ. ಹೀಗೆ ಗೃಹಸ್ಥನಿಗೆ ಪ್ರಕೃತಿಯೇ ಕೆಲವು ವಾರಗಳ ಅವಧಿಯನ್ನು ಕೊಟ್ಟಿದೆ.

ದರ್ಜೆಯ ಅಂಕಿ ಹೇಳುವುದೇನು?

ಗಾಳಿಯ ವೇಗ ಗಂಟೆಗೆ ೧೧೯ ಕಿಲೋಮೀಟರು ಮುಟ್ಟಿದರೆ ಚಂಡಮಾರುತಕ್ಕೆ ಹರಿಕೇನ್ ಎಂಬ ಹೆಸರು ಸಲ್ಲುತ್ತದೆ. ಹರಿಕೇನುಗಳನ್ನು ಒಂದರಿಂದ ಐದರವರೆಗೆ ದರ್ಜೆಗಳಾಗಿ ವಿಂಗಡಿಸುವ ಪದ್ಧತಿಯನ್ನು ೧೯೭೦ರ ದಶಕದ ಆರಂಭದಲ್ಲಿ ರೂಪಿಸಿದವರು ಇಂಜಿನಿಯರ್ ಹರ್ಬರ್ಟ್ ಸ್ಯಾಫಿರ್ ಮತ್ತು ಹವಾಮಾನಶಾಸ್ತ್ರಜ್ಞ ರಾಬರ್ಟ್ ಸಿಂಪ್ಸನ್. ಗಂಟೆಗೆ ೧೭೮ ಕಿಲೋಮೀಟರಿಗೆ ಮೂರನೆಯ ದರ್ಜೆ ಮೊದಲಾಗುತ್ತದೆ; ೨೫೨ ಕಿಲೋಮೀಟರಿಗೆ ಐದನೆಯದು.

ಈ ಅಂಕಿ ಗಾಳಿಯ ವೇಗವನ್ನು ಮಾತ್ರ ಹೇಳುತ್ತದೆ. ಸಮುದ್ರ ಎಷ್ಟು ಉಬ್ಬುವುದು, ಮಳೆ ಎಷ್ಟು ಸುರಿಯುವುದು ಎಂಬುದನ್ನು ಅದು ಹೇಳುವುದಿಲ್ಲ. ೧೯೬೩ರಿಂದ ೨೦೧೨ರವರೆಗಿನ ಐವತ್ತು ವರ್ಷಗಳಲ್ಲಿ ಅಮೆರಿಕದಲ್ಲಿ ಚಂಡಮಾರುತಗಳ ನೇರ ಹೊಡೆತಕ್ಕೆ ಸಿಕ್ಕಿ ಸತ್ತವರ ವಿವರಗಳನ್ನು ಪರಿಶೀಲಿಸಲಾಗಿದೆ. ಆ ಮರಣಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ನೀರಿನಿಂದಾದವು. ಅರ್ಧದಷ್ಟಕ್ಕೆ ಕಡಲಿನ ಉಬ್ಬರವೂ ಕಾಲುಭಾಗಕ್ಕಿಂತ ಹೆಚ್ಚಿನವಕ್ಕೆ ಮಳೆಯ ಪ್ರವಾಹವೂ ಕಾರಣ. ಗಾಳಿಯ ಪಾಲು ಹತ್ತರಲ್ಲಿ ಒಂದಕ್ಕಿಂತ ಕಡಿಮೆ.

ಗಾಳಿಗೆದುರಾಗಿ ಮನೆ

ಹಾಗೆಂದು ಗಾಳಿಯನ್ನು ಅಲಕ್ಷಿಸುವಂತಿಲ್ಲ. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುವುದು. ಗಂಟೆಗೆ ೧೧೯ ಕಿಲೋಮೀಟರು ವೇಗದ ಗಾಳಿ ಎದುರಿಗಿರುವ ಒಂದು ಚದರ ಮೀಟರು ಗೋಡೆಯನ್ನು ಸುಮಾರು ೬೬ ಕಿಲೋಗ್ರಾಂ ತೂಕದಷ್ಟು ಬಲದಿಂದ ತಳ್ಳುತ್ತದೆ. ವೇಗ ೨೩೮ ಕಿಲೋಮೀಟರಾದರೆ ಆ ಬಲ ಸುಮಾರು ೨೬೬ ಕಿಲೋಗ್ರಾಂ. ಎರಡು ಚದರ ಮೀಟರಿನ ಒಂದು ಸಾಮಾನ್ಯ ಬಾಗಿಲಿನ ಮೇಲೆ ಆಗ ಅರ್ಧ ಟನ್ನಿಗೂ ಮೀರಿದ ಹೊರೆ ಬಿದ್ದಂತಾಯಿತು.

ಗೋಡೆಯನ್ನು ತಳ್ಳುವ ಗಾಳಿ ಮಾಡನ್ನು ಎತ್ತುತ್ತದೆ. ಮಳೆಗಾಲದಲ್ಲಿ ಬೀಸುಗಾಳಿಗೆ ಸಿಕ್ಕಿದ ಕೊಡೆ ಮೇಲಕ್ಕೆ ಮಗುಚಿಕೊಳ್ಳುವುದನ್ನು ವಾಚಕರೆಲ್ಲರೂ ಕಂಡಿರುವರಷ್ಟೆ. ಮಾಡಿನ ಅಂಚನ್ನು ದಾಟಿ ಹಾಯುವ ಗಾಳಿ ಅಲ್ಲಿ ವೇಗವನ್ನು ಹೆಚ್ಚಿಸಿಕೊಳ್ಳುವುದರಿಂದ ಮೇಲ್ಭಾಗದ ಒತ್ತಡ ಕುಸಿದು, ಕೆಳಗಿನ ವಾಯು ಮಾಡನ್ನು ಎತ್ತಿಹಿಡಿಯುತ್ತದೆ. ಈ ಸ್ಥಿತಿಯಲ್ಲಿ ಒಂದು ಕಿಟಕಿ ಒಡೆಯಿತೆನ್ನೋಣ. ಗಾಳಿ ಒಳನುಗ್ಗಿ ಬಲೂನಿನಂತೆ ಮನೆಯನ್ನು ಉಬ್ಬಿಸುತ್ತದೆ. ಮೇಲಿನಿಂದ ಸೆಳೆತ, ಕೆಳಗಿನಿಂದ ನೂಕು. ಎರಡೂ ಕೂಡಿದಾಗ ಮಾಡು ಹಾರಿಹೋಗುತ್ತದೆ. ಮಾಡಿನ ಬಂಧನ ತಪ್ಪಿದ ಗೋಡೆಗಳು ಆಮೇಲೆ ಬೀಳಲು ತಡವಿಲ್ಲ.

೧೯೯೨ರ ಆಗಸ್ಟ್ ೨೪ರ ಬೆಳಗಿನ ಜಾವ ಮಯಾಮಿಯ ದಕ್ಷಿಣಕ್ಕೆ ಅಪ್ಪಳಿಸಿದ ‘ಆ್ಯಂಡ್ರ್ಯೂ’ ಈ ಪಾಠವನ್ನು ಬಹು ದುಬಾರಿಯಾಗಿ ಕಲಿಸಿತು. ಐದನೆಯ ದರ್ಜೆಯ ಆ ಹರಿಕೇನ್ ಅರವತ್ತು ಸಾವಿರಕ್ಕಿಂತ ಹೆಚ್ಚು ಮನೆಗಳನ್ನು ನಾಶಮಾಡಿತು. ಮುರಿದ ಮನೆಗಳನ್ನು ಪರೀಕ್ಷಿಸಿದಾಗ ಮಾಡಿನ ಹಲಗೆಗಳಿಗೆ ಹೊಡೆದಿದ್ದ ಮೊಳೆಗಳು ಎಷ್ಟೋ ಕಡೆ ಕೆಳಗಿನ ಮರವನ್ನೇ ಮುಟ್ಟಿರಲಿಲ್ಲವೆಂಬುದು ಬೆಳಕಿಗೆ ಬಂದಿತು. ನಾಲ್ಕು ಕಡೆಗೂ ಇಳಿಜಾರಾಗಿದ್ದ ಮಾಡುಗಳು ಬಹುಮಟ್ಟಿಗೆ ಉಳಿದುಕೊಂಡಿದ್ದವು; ಎರಡೇ ಕಡೆ ಇಳಿಜಾರಾಗಿ ಉಳಿದೆರಡು ಕಡೆ ತ್ರಿಕೋನಾಕಾರದ ಗೋಡೆಯನ್ನು ಗಾಳಿಗೆ ಒಡ್ಡಿದ್ದ ಮನೆಗಳು ಹೆಚ್ಚಾಗಿ ಕೆಟ್ಟವು. ಇದರ ಫಲವಾಗಿ ೨೦೦೨ರಿಂದ ಫ್ಲಾರಿಡಾ ರಾಜ್ಯಕ್ಕೆಲ್ಲ ಅನ್ವಯಿಸುವ ಕಟ್ಟಡ ನಿಯಮಾವಳಿ ಜಾರಿಗೆ ಬಂದಿತು. ಮಾಡಿನ ಮರವನ್ನು ಗೋಡೆಗೆ, ಗೋಡೆಯನ್ನು ತಳಪಾಯಕ್ಕೆ ಕಬ್ಬಿಣದಿಂದ ಬಿಗಿದು, ಮೇಲಿನಿಂದ ಕೆಳಗಿನವರೆಗೆ ಬಲವು ಎಲ್ಲಿಯೂ ಕಡಿಯದೆ ನೆಲಕ್ಕೆ ಇಳಿಯುವಂತೆ ಮಾಡುವುದೇ ಇಂಥ ನಿಯಮಗಳ ತಿರುಳು.

ಗೃಹಸ್ಥನು ಮಾಡಬೇಕಾದ ಕೆಲಸ ಇದರಿಂದ ಸ್ಪಷ್ಟವಾಗುತ್ತದೆ. ಗಾಳಿ ಒಳಗೆ ಬಾರದಂತೆ ತೆರಪುಗಳನ್ನೆಲ್ಲ ಭದ್ರಪಡಿಸಬೇಕು. ಕಿಟಕಿಗಳಿಗೆ ಲೋಹದ ಹೊರಬಾಗಿಲುಗಳಿದ್ದರೆ ಉತ್ತಮ. ಇಲ್ಲವಾದರೆ ಅಂಗುಲದ ಎಂಟರಲ್ಲಿ ಐದು ಭಾಗದಷ್ಟಾದರೂ ದಪ್ಪವಿರುವ ಪ್ಲೈವುಡ್ಡನ್ನು ಮೇ ತಿಂಗಳಿನಲ್ಲಿಯೇ ಕಿಟಕಿಯ ಅಳತೆಗೆ ಕೊಯ್ದು, ತೂತು ಕೊರೆದು, ಯಾವ ಹಲಗೆ ಯಾವ ಕಿಟಕಿಯದೆಂದು ಬರೆದಿಡತಕ್ಕದ್ದು. ಚಂಡಮಾರುತದ ಸುದ್ದಿ ಬಂದ ದಿನ ಅಂಗಡಿಯಲ್ಲಿ ಒಂದು ಹಲಗೆಯೂ ಉಳಿದಿರುವುದಿಲ್ಲ. ಮೋಟಾರುಗಾಡಿ ನಿಲ್ಲಿಸುವ ಗ್ಯಾರೇಜಿನ ಅಗಲವಾದ ಬಾಗಿಲು ಮನೆಯ ಅತ್ಯಂತ ದುರ್ಬಲ ಸ್ಥಾನ. ಅದಕ್ಕೆ ಅಡ್ಡಪಟ್ಟಿಗಳನ್ನು ಹಾಕಿ ಬಲಪಡಿಸಬೇಕು. ಅಂಗಳದ ಕುರ್ಚಿ, ಹೂಕುಂಡ, ಮಕ್ಕಳ ಆಟದ ಸಾಮಾನು ಇವೆಲ್ಲವೂ ಆ ಗಾಳಿಯಲ್ಲಿ ಗುಂಡುಗಳಂತೆ ಹಾರುವುದರಿಂದ ಅವನ್ನು ಒಳಗೆ ಸೇರಿಸಬೇಕು.

ಇಲ್ಲಿ ಎರಡು ಮೂಢನಂಬಿಕೆಗಳನ್ನು ಹೇಳಬೇಕು. ಹೊರಗಿನ ವಾಯುಭಾರ ಕುಸಿದಾಗ ಮನೆ ಸಿಡಿದೀತೆಂದು ಕಿಟಕಿಯನ್ನು ಸ್ವಲ್ಪ ತೆರೆದಿಡಬೇಕೆಂಬುದು ಮೊದಲನೆಯದು. ವಾಯುಭಾರ ಕುಸಿಯುವುದು ಗಂಟೆಗಟ್ಟಲೆ ಕಾಲದಲ್ಲಿ. ಯಾವ ಮನೆಯ ಸಂದುಗಳಾದರೂ ಅದನ್ನು ಸರಿದೂಗಿಸಲು ಸಾಕು. ಕಿಟಕಿಯನ್ನು ತೆರೆದವನು ಚಂಡಮಾರುತ ಮಾಡಬೇಕೆಂದಿದ್ದ ಕೆಲಸವನ್ನು ತಾನೇ ಮಾಡಿಕೊಟ್ಟಂತಾಗುತ್ತದೆ. ಗಾಜಿಗೆ ಅಡ್ಡಡ್ಡವಾಗಿ ಅಂಟುಪಟ್ಟಿ ಹಚ್ಚಿದರೆ ಅದು ಒಡೆಯದೆಂಬುದು ಎರಡನೆಯದು. ಪಟ್ಟಿಯಿಂದ ಗಾಜಿಗೆ ಬಲ ಬರುವುದಿಲ್ಲ; ಒಡೆದಾಗ ಚೂರುಗಳು ಇನ್ನೂ ದೊಡ್ಡವಾಗಿ ಹಾರುತ್ತವೆ, ಅಷ್ಟೆ.

ಗಾಳಿ ಬೀಸುವಾಗ ಕಿಟಕಿಯಿಲ್ಲದ ನಡುಮನೆಯ ಸಣ್ಣ ಕೋಣೆಯಲ್ಲಿರುವುದು ಕ್ಷೇಮ. ನಡುವೆ ಒಮ್ಮೆಲೇ ಗಾಳಿ ನಿಂತು ಆಕಾಶ ತಿಳಿಯಾಗಬಹುದು. ಅದು ಚಂಡಮಾರುತದ ಕಣ್ಣು. ಹೆಚ್ಚೆಂದರೆ ಒಂದು ಗಂಟೆಯ ಆಸುಪಾಸಿನಲ್ಲಿ ಕಣ್ಣಿನ ಮತ್ತೊಂದು ಗೋಡೆ ಬಂದು, ವಿರುದ್ಧ ದಿಕ್ಕಿನಿಂದ ಅಷ್ಟೇ ಉಗ್ರವಾದ ಗಾಳಿ ಬೀಸುತ್ತದೆ. ಮುಗಿಯಿತೆಂದು ಹೊರಗೆ ಬಂದವನಿಗೆ ಆಗ ಮರಳಿ ಒಳಗೆ ಹೋಗಲು ಸಮಯವಿರುವುದಿಲ್ಲ.

ನೀರಿಗೆದುರಾಗಿ ಯಾವ ಮನೆ?

ಈಗ ನೀರಿನ ಮಾತು. ಚಂಡಮಾರುತದ ಗಾಳಿ ಗಂಟೆಗಟ್ಟಲೆ ಒಂದೇ ದಿಕ್ಕಿಗೆ ಸಮುದ್ರದ ನೀರನ್ನು ತಳ್ಳಿ ದಡದ ಮೇಲೆ ಗುಡ್ಡೆಹಾಕುತ್ತದೆ. ಇದನ್ನು ಕಡಲುಬ್ಬರವೆಂದು ಕರೆಯೋಣ. ವಾಯುಭಾರದ ಕುಸಿತವೂ ಇದಕ್ಕೆ ಸ್ವಲ್ಪ ಸಹಾಯಮಾಡುತ್ತದೆ. ಒಂದು ಮಿಲಿಬಾರ್ ಕುಸಿದರೆ ನೀರು ಸುಮಾರು ಒಂದು ಸೆಂಟಿಮೀಟರು ಏರುವುದು. ಹೀಗೆ ಬರುವುದು ಸಾಮಾನ್ಯವಾಗಿ ಮೂರು ಅಡಿಯ ಒಳಗೆ. ಮಿಕ್ಕದ್ದೆಲ್ಲ ಗಾಳಿಯ ಕೆಲಸ. ಮೆಕ್ಸಿಕೋ ಕೊಲ್ಲಿಯ ದಡದಂತೆ ಸಮುದ್ರತಳ ಬಹುದೂರದವರೆಗೆ ಆಳವಿಲ್ಲದೆ ಇರುವ ಕಡೆ, ತಳ್ಳಿದ ನೀರಿಗೆ ಕೆಳಗಿನಿಂದ ಹಿಂದಿರುಗಲು ದಾರಿಯಿಲ್ಲದೆ ಉಬ್ಬರ ಅತಿಯಾಗುತ್ತದೆ.

ಈ ನೀರಿನ ಬಲವನ್ನು ಗಾಳಿಯ ಬಲದೊಡನೆ ಹೋಲಿಸಿ ನೋಡೋಣ. ನೀರಿನ ಸಾಂದ್ರತೆ ವಾಯುವಿನ ಎಂಟುನೂರರಷ್ಟಕ್ಕಿಂತ ಹೆಚ್ಚು. ಸೆಕೆಂಡಿಗೆ ಮೂರು ಮೀಟರು, ಎಂದರೆ ಒಬ್ಬನು ಹಗುರವಾಗಿ ಓಡುವಷ್ಟು ವೇಗದಲ್ಲಿ ಹರಿದುಬರುವ ನೀರು, ಗಂಟೆಗೆ ಮುನ್ನೂರು ಕಿಲೋಮೀಟರಿಗೂ ಮೀರಿದ ಗಾಳಿಯಷ್ಟೇ ಬಲದಿಂದ ಗೋಡೆಯನ್ನು ತಳ್ಳುತ್ತದೆ. ಇದರ ಮೇಲೆ ಅಲೆಗಳ ಹೊಡೆತ. ಅಲೆಗಳೊಡನೆ ತೇಲಿಬರುವ ಮರದ ದಿಮ್ಮಿಗಳು, ದೋಣಿಗಳು. ಪ್ಲೈವುಡ್ಡಿನ ಹಲಗೆಯೂ ಕಬ್ಬಿಣದ ಪಟ್ಟಿಯೂ ಇದರ ಮುಂದೆ ಏನು ಮಾಡಿಯಾವು? ಆದುದರಿಂದಲೇ ‘ಗಾಳಿಗೆ ಅವಿತುಕೋ, ನೀರಿಗೆ ಓಡು’ ಎಂಬ ಮಾತು ಹರಿಕೇನಿನ ನಾಡಿನಲ್ಲಿ ಬಳಕೆಯಲ್ಲಿದೆ.

೧೯೦೦ರ ಸೆಪ್ಟೆಂಬರ್ ೮ರಂದು ಟೆಕ್ಸಾಸಿನ ಗಾಲ್ವೆಸ್ಟನ್ ದ್ವೀಪದ ಪಟ್ಟಣ ಈ ಸತ್ಯವನ್ನು ಕಂಡಿತು. ಆ ದ್ವೀಪದ ಅತ್ಯಂತ ಎತ್ತರದ ಸ್ಥಳವೂ ಸಮುದ್ರಮಟ್ಟದಿಂದ ಒಂಬತ್ತು ಅಡಿಗೆ ಒಳಗಿದ್ದಿತು. ಬಂದ ಉಬ್ಬರ ಹದಿನೈದು ಅಡಿಗೂ ಹೆಚ್ಚು. ಕಡಮೆಯೆಂದರೂ ಆರು ಸಾವಿರ ಮಂದಿ ಸತ್ತರು. ಉಳಿದ ಜನ ಆಮೇಲೆ ಸಮುದ್ರಕ್ಕೆ ಅಡ್ಡಗೋಡೆ ಕಟ್ಟಿದ್ದಲ್ಲದೆ, ಮನೆಗಳನ್ನು ಮೇಲಕ್ಕೆತ್ತಿ ಅಡಿಯಲ್ಲಿ ಮರಳು ತುಂಬಿ ಪಟ್ಟಣದ ನೆಲವನ್ನೇ ಎತ್ತರಿಸಿದರು.

ದರ್ಜೆಯ ಅಂಕಿಯನ್ನು ನಂಬಿ ಕೆಟ್ಟ ಉದಾಹರಣೆಯೂ ಉಂಟು. ೧೯೬೯ರಲ್ಲಿ ಮಿಸಿಸಿಪಿ ರಾಜ್ಯದ ತೀರಕ್ಕೆ ‘ಕಮೀಲ್’ ಎಂಬ ಐದನೆಯ ದರ್ಜೆಯ ಹರಿಕೇನ್ ಬಡಿದಿತ್ತು. ೨೦೦೫ರ ಆಗಸ್ಟ್ ೨೯ರಂದು ‘ಕತ್ರೀನಾ’ ದಡ ಸೇರಿದಾಗ ಅದರ ದರ್ಜೆ ಮೂರು. ಐದಕ್ಕೇ ನಿಂತ ಮನೆ ಮೂರಕ್ಕೆ ಬಿದ್ದೀತೆ ಎಂದುಕೊಂಡು ಮನೆ ಬಿಡದೆ ಉಳಿದವರು ಅನೇಕರು. ಆದರೆ ಕತ್ರೀನಾ ವಿಸ್ತಾರದಲ್ಲಿ ಕಮೀಲಿಗಿಂತ ಬಹು ದೊಡ್ಡದು. ಅದು ತಳ್ಳಿತಂದ ಉಬ್ಬರ ಕೆಲವೆಡೆ ೨೭ ಅಡಿಯನ್ನೂ ಮೀರಿತು. ಕಮೀಲಿಗೆ ಒದ್ದೆಯಾಗದ ಮನೆಗಳು ಕೊಚ್ಚಿಹೋದವು. ೨೦೦೮ರ ಸೆಪ್ಟೆಂಬರಿನಲ್ಲಿ ಗಾಲ್ವೆಸ್ಟನ್ನಿಗೆ ಬಂದ ‘ಐಕ್’ ಎರಡನೆಯ ದರ್ಜೆಯದು ಮಾತ್ರ. ಪಕ್ಕದ ಬೊಲಿವರ್ ಪರ್ಯಾಯದ್ವೀಪದಲ್ಲಿ ಅದರ ಉಬ್ಬರ ಹದಿನೈದು ಅಡಿ ದಾಟಿ, ಸಾಲುಸಾಲು ಮನೆಗಳು ಅಳಿದವು.

ಆದುದರಿಂದ ಋತು ಮೊದಲಾಗುವುದಕ್ಕೆ ಮುನ್ನ ಪ್ರತಿಯೊಂದು ಸಂಸಾರವೂ ಮೂರು ವಿಷಯಗಳನ್ನು ತಿಳಿದಿರಬೇಕು: ತಮ್ಮ ನೆಲದ ಎತ್ತರ ಎಷ್ಟು? ಸರ್ಕಾರ ಗೊತ್ತುಮಾಡಿರುವ ತೆರವಿನ ವಲಯಗಳಲ್ಲಿ ತಮ್ಮ ಮನೆ ಯಾವುದರಲ್ಲಿದೆ? ಹೊರಡಬೇಕಾದರೆ ಯಾರ ಮನೆಗೆ, ಯಾವ ದಾರಿಯಲ್ಲಿ? ಬಹುದೂರ ಹೋಗಬೇಕಾದುದಿಲ್ಲ, ಕೆಲವು ಹತ್ತು ಕಿಲೋಮೀಟರು ಒಳನಾಡಿನಲ್ಲಿ ಎತ್ತರದ ಗಟ್ಟಿ ಮನೆ ಸಿಕ್ಕಿದರೆ ಸಾಕು. ಉಬ್ಬರದ ವಲಯದಲ್ಲಿ ಇಲ್ಲದವರು ಹೊರಡದಿರುವುದೂ ಒಂದು ಉಪಕಾರವೇ. ೨೦೦೫ರಲ್ಲಿ ‘ರೀಟಾ’ಕ್ಕೆ ಹೆದರಿ ಹ್ಯೂಸ್ಟನ್ ಪ್ರಾಂತದ ಜನವೆಲ್ಲ ಒಮ್ಮೆಗೇ ಹೊರಟು ಹೆದ್ದಾರಿಗಳು ಕಟ್ಟಿಕೊಂಡು, ಬಿಸಿಲಿನಲ್ಲಿಯೂ ಅಪಘಾತಗಳಲ್ಲಿಯೂ ಹತ್ತಾರು ಮಂದಿ ಸತ್ತರು. ಓಡಬೇಕಾದವನಿಗೆ ದಾರಿ ಬಿಟ್ಟುಕೊಡಬೇಕಾದರೆ, ಅವಿತುಕೊಳ್ಳಬಹುದಾದವನು ಮನೆಯಲ್ಲಿರಬೇಕು.

ಒಳನಾಡಿಗೂ ತಪ್ಪದ ಮಳೆ

ಕಡಲಿಂದ ದೂರವಿದ್ದೇವೆಂದು ನಿಶ್ಚಿಂತರಾಗುವಂತಿಲ್ಲ. ಮಳೆಯ ಪ್ರಮಾಣವನ್ನು ನಿರ್ಧರಿಸುವುದು ಗಾಳಿಯ ವೇಗಕ್ಕಿಂತ ಹೆಚ್ಚಾಗಿ ಚಂಡಮಾರುತದ ನಡಿಗೆಯ ವೇಗ ಮತ್ತು ನೆಲದ ಏರುತಗ್ಗು. ೨೦೧೭ರ ಆಗಸ್ಟಿನಲ್ಲಿ ‘ಹಾರ್ವೆ’ ಟೆಕ್ಸಾಸನ್ನು ಹೊಕ್ಕಮೇಲೆ ದುರ್ಬಲವಾಯಿತಾದರೂ ದಿನಗಟ್ಟಲೆ ಅಲ್ಲಿಯೇ ತಂಗಿತು. ಒಂದೆಡೆ ಅರವತ್ತು ಅಂಗುಲಕ್ಕೂ ಹೆಚ್ಚು ಮಳೆ ಸುರಿಯಿತು. ಕನ್ನಡಿಗರ ಸಂಸಾರಗಳೂ ನೆಲೆಸಿರುವ ಹ್ಯೂಸ್ಟನ್ ನಗರದ ಬೀದಿಗಳು ಹೊಳೆಗಳಾದವು. ನೆರೆಯ ನೀರಿನಲ್ಲಿ ಮೋಟಾರುಗಾಡಿ ಓಡಿಸುವುದು ಅತ್ಯಂತ ಅಪಾಯಕರ. ಒಂದು ಅಡಿ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. ಎರಡು ಅಡಿ ನೀರು ದೊಡ್ಡ ವಾಹನಗಳನ್ನೂ ಕೊಚ್ಚಿಕೊಂಡು ಹೋಗುತ್ತದೆ. ಇದು ಆರ್ಕಿಮಿಡೀಸನ ತತ್ತ್ವ. ಕಾರಿನ ಬೆಲೆ ಏನಾದರೂ ಬದಲಾಗದು.

ಉಗ್ರಾಣ, ದಾಖಲೆ, ವಿಮೆ

ಗೃಹಿಣಿಯರು ವರ್ಷದ ಉಪ್ಪಿನಕಾಯಿ, ಹಪ್ಪಳಗಳನ್ನು ಬೇಸಗೆಯಲ್ಲಿಯೇ ಮಾಡಿಡುವಂತೆ, ಹರಿಕೇನಿನ ಉಗ್ರಾಣವೂ ಮೊದಲೇ ತುಂಬಿರಬೇಕು. ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು ನಾಲ್ಕು ಲೀಟರಿನಂತೆ ಕಡೆಯಪಕ್ಷ ಮೂರು ದಿನದ ನೀರು; ಸಾಧ್ಯವಾದರೆ ವಾರದ್ದು. ಬೇಯಿಸದೆ ತಿನ್ನಬಹುದಾದ ಆಹಾರ, ನಿತ್ಯದ ಔಷಧಿ, ಬ್ಯಾಟರಿ ದೀಪ, ಬ್ಯಾಟರಿಯಿಂದ ನಡೆಯುವ ರೇಡಿಯೋ, ಸ್ವಲ್ಪ ನಗದು ಹಣ ಇವು ಇರಬೇಕು. ಬಚ್ಚಲಿನ ತೊಟ್ಟಿಯನ್ನು ತುಂಬಿಸಿಟ್ಟರೆ ಶೌಚಕ್ಕೆ ಒದಗುತ್ತದೆ. ಆಹಾರವನ್ನು ಹೆಪ್ಪುಗಟ್ಟಿಸುವ ಫ್ರೀಜರನ್ನು ತುಂಬಿಡುವುದು ಲೇಸು. ತುಂಬಿದ ಫ್ರೀಜರು ಬಾಗಿಲು ತೆರೆಯದಿದ್ದರೆ ವಿದ್ಯುತ್ತಿಲ್ಲದೆಯೂ ಸುಮಾರು ೪೮ ಗಂಟೆ ತಂಪನ್ನು ಉಳಿಸಿಕೊಳ್ಳುತ್ತದೆ. ಅರ್ಧ ಖಾಲಿಯಾಗಿದ್ದರೆ ೨೪ ಗಂಟೆ ಮಾತ್ರ. ಮಂಜುಗಡ್ಡೆ ಕರಗುವಾಗ ಹೀರುವ ಗುಪ್ತೋಷ್ಣವೇ ಇಲ್ಲಿ ಕಾವಲುಗಾರ.

ವಿಮೆಯ ವಿಷಯದಲ್ಲಿಯೂ ಗಾಳಿ ನೀರುಗಳ ಭೇದವನ್ನು ಮರೆಯಬಾರದು. ಅಮೆರಿಕದಲ್ಲಿ ಮನೆಯ ಸಾಮಾನ್ಯ ವಿಮೆ ನೆರೆಯ ಹಾನಿಯನ್ನು ಕಟ್ಟಿಕೊಡುವುದಿಲ್ಲ. ಅದಕ್ಕೆ ಬೇರೆ ವಿಮೆ ಬೇಕು. ೧೯೬೮ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ನೆರೆವಿಮಾ ಯೋಜನೆಯಲ್ಲಿ ಹಣ ಕಟ್ಟಿದರೂ ಸಾಮಾನ್ಯವಾಗಿ ಮೂವತ್ತು ದಿನ ಕಳೆದಮೇಲೆಯೇ ಅದು ಜಾರಿಗೆ ಬರುತ್ತದೆ. ಚಂಡಮಾರುತದ ಎಚ್ಚರಿಕೆ ಹೊರಡುವುದಾದರೋ ಕೇವಲ ೩೬ ಗಂಟೆ ಮೊದಲು. ಬಾಯಾರಿದಾಗ ಬಾವಿ ತೋಡಿದರೆ ಪ್ರಯೋಜನವೇನು?

ಗಾಳಿ ನಿಂತ ಮೇಲೆ

ವಿದ್ಯುತ್ತು ಕೆಟ್ಟು ಕತ್ತಲಾದ ಮನೆಯಲ್ಲಿ ಜನರು ಜನರೇಟರನ್ನು ಹೂಡುತ್ತಾರೆ. ಮಳೆಯಿಂದ ಕಾಪಾಡಲೆಂದು ಅದನ್ನು ಗ್ಯಾರೇಜಿನಲ್ಲಿಯೋ ಕಿಟಕಿಯ ಬಳಿಯಲ್ಲಿಯೋ ಇಡುತ್ತಾರೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡು ಬಣ್ಣವೂ ವಾಸನೆಯೂ ಇಲ್ಲದ ವಿಷ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಕಸಿದುಕೊಳ್ಳುತ್ತದೆ. ನಿದ್ರೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. ೨೦೨೦ರ ಆಗಸ್ಟಿನಲ್ಲಿ ‘ಲಾರಾ’ ಹರಿಕೇನ್ ಲೂಯಿಸಿಯಾನಾ ರಾಜ್ಯವನ್ನು ಹೊಕ್ಕಾಗ, ಅಲ್ಲಿ ಚಂಡಮಾರುತದ ನೇರ ಹೊಡೆತಕ್ಕೆ ಸತ್ತವರಿಗಿಂತ ಈ ವಿಷಾನಿಲದಿಂದ ಸತ್ತವರೇ ಹೆಚ್ಚು. ಜನರೇಟರು ಮನೆಯಿಂದ ಇಪ್ಪತ್ತು ಅಡಿಗಾದರೂ ದೂರದಲ್ಲಿ, ಬಯಲಿನಲ್ಲಿ ಇರತಕ್ಕದ್ದು.

ನಮ್ಮ ವಿದ್ಯಾರ್ಥಿ ಆ ದಿನವೇ ತನ್ನ ಮನೆಯ ಕಾಗದಪತ್ರಗಳನ್ನು ಹುಡುಕಿ ನೋಡಿದನು. ನೆಲದ ಎತ್ತರ ಸುಮಾರು ನಾಲ್ಕು ಅಡಿ ಎಂದಿದ್ದಿತು. ಹೆಂಡತಿ ಮಗುವಿನೊಡನೆ ಒಳನಾಡಿನ ಸ್ನೇಹಿತನ ಮನೆಗೆ ಹೊರಟನು. ಸೆಪ್ಟೆಂಬರ್ ೨೬ರ ರಾತ್ರಿ ಹೆಲೀನಿನ ಕೇಂದ್ರ ಟ್ಯಾಂಪಾದಿಂದ ೧೫೦ ಕಿಲೋಮೀಟರಿಗೂ ದೂರದಲ್ಲಿ ಹಾದುಹೋಯಿತು. ಆದರೂ ಕೊಲ್ಲಿಯಲ್ಲಿ ಕಡಲು ಆರು ಅಡಿಗೂ ಮೇಲೇರಿ ಹಿಂದಿನ ದಾಖಲೆಗಳನ್ನು ಮುರಿಯಿತು. ಅದೇ ಚಂಡಮಾರುತ ಮರುದಿನ ದಡದಿಂದ ಐನೂರು ಕಿಲೋಮೀಟರಿಗೂ ಆಚೆಯ ಉತ್ತರ ಕ್ಯಾರೊಲೈನಾದ ಬೆಟ್ಟಗಳಲ್ಲಿ ಮಳೆ ಸುರಿಸಿ ಊರುಗಳನ್ನು ಕೊಚ್ಚಿತು. ಒಟ್ಟು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಎರಡು ದಿನದ ಮೇಲೆ ಅವನು ಹಿಂದಿರುಗಿದಾಗ ಮಾಡಿನ ಒಂದು ಹಂಚೂ ಕದಲಿರಲಿಲ್ಲ, ಒಂದು ಕಿಟಕಿಯೂ ಒಡೆದಿರಲಿಲ್ಲ. ಒಳಗೆ ಗೋಡೆಯ ಮೇಲೆ ತೊಡೆಯೆತ್ತರಕ್ಕೆ ಕೆಸರಿನ ಗೆರೆ ಎಳೆದಂತಿದ್ದಿತು. ಮಗುವಿನ ತೊಟ್ಟಿಲು ಆ ಗೆರೆಯ ಕೆಳಗಿದ್ದಿತು.

೨೦೨೧ರ ಮೇ ತಿಂಗಳಲ್ಲಿ ‘ತೌಕ್ತೆ’ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲಿ ಹಾದಾಗ ಅದರ ಕೇಂದ್ರವೂ ಸಮುದ್ರದ ಮೇಲೆಯೇ ಇದ್ದಿತು. ಆದರೂ ಕಡಲು ದಡವನ್ನು ಕೊರೆಯಿತು, ಮನೆಗಳನ್ನು ಕೆಡವಿತು. ಸಾಗರದ ಹೆಸರು ಬದಲಾದರೂ ನೀರಿನ ಸಾಂದ್ರತೆ ಬದಲಾಗುವುದಿಲ್ಲ. ಕಡಲದಡದಲ್ಲಿ ಬಾಳುವವರು ಯಾವ ದೇಶದವರೇ ಆಗಿರಲಿ, ಆಕಾಶ ತಿಳಿಯಾಗಿರುವ ಒಂದು ದಿನ ತಮ್ಮ ಹೊಸಲಿನ ಎತ್ತರ ಎಷ್ಟೆಂಬುದನ್ನು ಅಳೆದು, ಮನೆಯವರೆಲ್ಲರಿಗೂ ತಿಳಿಯುವಂತೆ ಬಾಗಿಲ ಹಿಂದೆ ಬರೆದಿಡುವುದು ಒಳ್ಳೆಯದು.